ಎಲೆ ಮಗುಚಿ ನೋಡುವ ಕೆಲಸ

ಹುಳಕ್ಕೆ ಏನು ಹೊಡೆಯಬೇಕು ಅಂತ ಕೇಳುವವರು ಜಾಸ್ತಿ. ಯಾವ ಹುಳ ಅಂತ ತಿರುಗಿ ಕೇಳಿದರೆ ಉತ್ತರ ಇರುವುದಿಲ್ಲ. ಎಲೆಯಲ್ಲಿ ತೂತು ಬಿದ್ದಿದೆ, ಬಿಳೀದೇನೋ ಅಂಟಿಕೊಂಡಿದೆ, ಕುಡಿ ಬಾಡಿದೆ, ಅಷ್ಟೇ. ಅಷ್ಟರಲ್ಲಿ ಬೇವಿನ ಎಣ್ಣೆ ಬಾಟಲಿಯ ಮುಚ್ಚಳ ತೆಗೆದಾಗಿರುತ್ತದೆ. ಕೈತೋಟಕ್ಕೆ ಹೊಸಬರಾದವರಿಗೆ ನಾನು ಹೇಳುವುದು ಒಂದೇ ಮಾತು. ಮೊದಲು ಬಗ್ಗಿ ನೋಡಿ. ಎಲೆ ಮಗುಚಿ ನೋಡಿ. ಹೊಡೆಯುವ ವಿಚಾರ ನಾಳೆಗೆ ಇರಲಿ.

ನಮ್ಮದು ಮೈಸೂರಿನ ಅಂಚಿನ ಬಡಾವಣೆ. ಮನೆ ಹಿಂದೆ ಅರ್ಧ ಸೈಟಿನಷ್ಟು ಜಾಗ, ಮರಳು ಬೆರೆತ ಕೆಮ್ಮಣ್ಣು. ಬದನೆ, ಮೆಣಸಿನಕಾಯಿ, ಬೆಂಡೆ, ಟೊಮೇಟೊ, ಚಪ್ಪರದ ಮೇಲೆ ಹೀರೆ ಮತ್ತು ಹಾಗಲ. ಮೂಲೆಯಲ್ಲಿ ಪಪ್ಪಾಯಿ, ಬಾವಿಕಟ್ಟೆ ಪಕ್ಕ ಕರಿಬೇವು, ಬೇಲಿ ಉದ್ದಕ್ಕೂ ದಾಸವಾಳ. ದೊಡ್ಡ ತೋಟವೇನೂ ಅಲ್ಲ. ಆದರೂ ವರ್ಷದಲ್ಲಿ ಬಹಳ ದಿನ ತರಕಾರಿಗೆ ಮಾರ್ಕೆಟ್ಟಿಗೆ ಹೋಗುವ ಅಗತ್ಯ ಬೀಳುವುದಿಲ್ಲ. ಔಷಧಿ ಅಂತ ಇಟ್ಟುಕೊಂಡಿರುವುದು ಬೇವಿನ ಬೀಜ, ಒಲೆ ಬೂದಿ, ಹುಳಿ ಮಜ್ಜಿಗೆ. ಅವನ್ನೂ ಅಪರೂಪಕ್ಕೆ ಮುಟ್ಟುತ್ತೇವೆ.

ಬೆಳಗಿನ ಕಾಫಿ ಮುಗಿಸಿ ಹಿತ್ತಲಿಗೆ ಇಳಿದ ಕೂಡಲೇ ಪೈಪು ಹಿಡಿಯುವುದಿಲ್ಲ. ಮೊದಲು ಒಂದು ಸುತ್ತು ನೋಡುವುದು. ಇಬ್ಬನಿ ಆರುವ ಮುಂಚೆ ಹುಳಗಳು ಮಂದವಾಗಿರುತ್ತವೆ, ಕೈಗೆ ಸಿಗುತ್ತವೆ. ರಾತ್ರಿ ತಿಂದ ಗುರುತು ಇನ್ನೂ ಹಸಿಯಾಗಿರುತ್ತದೆ. ಎಲೆ ಮೇಲೆ ಸಣ್ಣ ಕಪ್ಪು ಹಿಕ್ಕೆ ಬಿದ್ದಿದ್ದರೆ ಅದರ ನೇರ ಮೇಲಿನ ಎಲೆ ಹುಡುಕಬೇಕು, ಹುಳ ಅಲ್ಲೇ ಇರುತ್ತದೆ. ಎಲೆ ಅಂಟಂಟಾಗಿ ಹೊಳೆಯುತ್ತಿದ್ದರೆ ಮೇಲಿನ ಎಲೆಯ ಅಡಿಯಲ್ಲಿ ರಸ ಹೀರುವ ಸಸ್ಯಹೇನೋ ಬಿಳಿ ನೊಣವೋ ಕೂತಿದೆ ಅಂತ ಅರ್ಥ. ಕುಡಿ ಮಾತ್ರ ಜೋತು ಬಿದ್ದಿದ್ದರೆ ಒಳಗೆ ಕೊರಕ ಇದೆ. ಹಸಿರಾಗಿದ್ದ ಗಿಡ ಇದ್ದಕ್ಕಿದ್ದ ಹಾಗೆ ಪೂರ್ತಿ ಬಾಡಿದರೆ ತೊಂದರೆ ಬೇರಿನದ್ದು, ಎಲೆಗೆ ಏನು ಹೊಡೆದೂ ಪ್ರಯೋಜನವಿಲ್ಲ. ಇಷ್ಟು ಓದಲು ಬಂದರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ನೀರು. ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ. ಸಂಜೆ ಎಲೆ ತೋಯಿಸಿದರೆ ರಾತ್ರಿಯಿಡೀ ತೇವ ನಿಂತು ರೋಗಕ್ಕೆ ದಾರಿ.

ಇನ್ನು ಕಳೆ. ಭರಣಿ ಮಳೆಗೆ ಧರಣಿಯೆಲ್ಲಾ ಬೆಳೆ ಅಂತಾರೆ. ಬೆಳೆಗಿಂತ ಮುಂಚೆ ಬರುವುದು ಕಳೆಯೇ. ಏಪ್ರಿಲ್ ಕೊನೆಗೆ ಒಂದು ಹದ ಮಳೆ ಬಿದ್ದು ವಾರ ಆಗುವಷ್ಟರಲ್ಲಿ ಪಾತಿ ಯಾವುದು, ದಾರಿ ಯಾವುದು ಅಂತ ಗೊತ್ತಾಗದ ಹಾಗೆ ಹಸಿರು ಹಬ್ಬಿಬಿಡುತ್ತದೆ. ನಾನು ಪೇಟೆಯಲ್ಲಿ ಬೆಳೆದವಳು. ನಮ್ಮ ಅತ್ತೆ ಮಳವಳ್ಳಿ ಕಡೆಯ ಹಳ್ಳಿಯವರು. ನಾನು ಗುದ್ದಲಿ ಹಿಡಿದು ಹೊರಟರೆ ಅವರು ಮೊರ ಹಿಡಿದು ಹಿಂದೆ ಬರುತ್ತಾರೆ. "ಇರು ಕಣವ್ವ, ಎಲ್ಲಾನೂ ಒಂದೇ ಸಲ ಕೆತ್ತಾಕ್ಬ್ಯಾಡ. ಸಾರಿಗೆ ಯಾವ್ದಾಯ್ತದೆ ಅಂತ ನೋಡಾನ" ಅನ್ನುತ್ತಾರೆ.

ಅವರು ಕೂತು ಆರಿಸುವುದನ್ನು ನೋಡುವುದೇ ಒಂದು ಪಾಠ. ಅಣ್ಣೆ ಸೊಪ್ಪಿನ ಎಳೇ ಕುಡಿ, ನೆಲಕ್ಕೆ ಅಂಟಿಕೊಂಡು ಹರಡುವ ಗೋಣಿ ಸೊಪ್ಪು, ಕೀರೆ, ಗಣಿಕೆ, ನೀರು ನಿಲ್ಲುವ ಕಡೆ ಬರುವ ಹೊನಗೊನ್ನೆ, ನೀಲಿ ಹೂ ಬಿಡುವ ಕನ್ನೆ ಸೊಪ್ಪು. ಎಲ್ಲಾ ಒಂದೊಂದು ಹಿಡಿ ಸೇರಿದರೆ ಬೆರಕೆ ಸೊಪ್ಪು. ಕಾಳಿನ ಜೊತೆ ಬೇಯಿಸಿ, ಕಟ್ಟು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಬಸ್ಸಾರು. ಬಸಿದ ಸೊಪ್ಪಿಗೆ ಕಾಯಿ ತುರಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಬಿತ್ತದೆ, ನೀರು ಹಾಕದೆ, ಗೊಬ್ಬರ ಹಾಕದೆ ಬಂದ ಊಟ ಇದು. ಮಂಡ್ಯ, ರಾಮನಗರ, ಮೈಸೂರು ಕಡೆಯ ಹಳೇ ತಲೆಮಾರಿನ ಹೆಂಗಸರಿಗೆ ಇದೆಲ್ಲಾ ಬಾಯಿಪಾಠ. ಅವರ ಹತ್ತಿರ ಕೂತು ಕಲಿಯಬೇಕು. ಫೋಟೊ ನೋಡಿ ಕಲಿಯುವುದಲ್ಲ, ಎಲೆ ಮುಟ್ಟಿ, ಮೂಸಿ ಕಲಿಯುವುದು. ಖಚಿತವಾಗಿ ಗುರುತು ಸಿಗದ ಸೊಪ್ಪನ್ನು ಪಾತ್ರೆಗೆ ಹಾಕಲೇಬಾರದು. ಔಷಧಿ ಹೊಡೆದಿರಬಹುದಾದ ಖಾಲಿ ಸೈಟಿನದ್ದೂ, ಮೋರಿ ಪಕ್ಕದ್ದೂ ಬೇಡ.

ಸಾರಿಗೆ ಆಗುವುದು ಆರಿಸಿದ ಮೇಲೆ ಉಳಿದದ್ದು ಕೀಳುವುದು. ಇಲ್ಲೂ ಎಲ್ಲದಕ್ಕೂ ಒಂದೇ ಉಪಾಯ ನಡೆಯುವುದಿಲ್ಲ. ಬೀಜದಿಂದ ಹುಟ್ಟಿ, ಒಂದು ಮಳೆಗಾಲದಲ್ಲಿ ಬದುಕು ಮುಗಿಸುವ ಕಳೆ ಸುಲಭ. ಎರಡೆಲೆ ಇರುವಾಗಲೇ ಬಿಸಿಲಿರುವ ಬೆಳಿಗ್ಗೆ ಮೇಲ್ಮಣ್ಣನ್ನು ಸುಮ್ನೆ ಕೆರೆದು ಬಿಟ್ಟರೆ ಮಧ್ಯಾಹ್ನಕ್ಕೆ ಒಣಗುತ್ತವೆ. ಆಳಕ್ಕೆ ಅಗೆಯಬಾರದು. ಅಗೆದರೆ ಕೆಳಗೆ ಕತ್ತಲಲ್ಲಿ ಮಲಗಿದ್ದ ಬೀಜ ಮೇಲೆ ಬಂದು, ಬೆಳಕು ಕಂಡು ಮೊಳೆಯುತ್ತವೆ. ಹೂ ಬಿಡುವ ಮುಂಚೆ ಕಿತ್ತದ್ದನ್ನು ಅಲ್ಲೇ ಗಿಡದ ಬುಡಕ್ಕೆ ಹಾಸಬಹುದು. ಬೀಜ ಕಟ್ಟಿದ ಮೇಲೆ ಕಿತ್ತರೆ ಅದನ್ನು ಹಿತ್ತಲಿನಿಂದ ಆಚೆ ಸಾಗಿಸುವ ಕೆಲಸವೂ ಸೇರಿಕೊಳ್ಳುತ್ತದೆ.

ಕೊನ್ನಾರಿ ಗಡ್ಡೆಯ ಲೆಕ್ಕವೇ ಬೇರೆ. ಮೇಲೆ ನೋಡಿದರೆ ಹುಲ್ಲು, ಮೂರು ಮೂಲೆಯ ದಂಟು. ಎಳೆದರೆ ಲಟಕ್ಕನೆ ಮೇಲಿನದ್ದು ಮಾತ್ರ ಕೈಗೆ ಬರುತ್ತದೆ. ಕೆಳಗೆ ನೂಲಿನಂಥ ಬೇರಿಗೆ ಒಂದಾದ ಮೇಲೊಂದು ಗಡ್ಡೆ ಪೋಣಿಸಿಕೊಂಡಿರುತ್ತದೆ. ಒಂದು ಗಡ್ಡೆ ಉಳಿದರೂ ವಾರದಲ್ಲಿ ಮತ್ತೆ ಹಸಿರು. ಮಳೆಗಾಲದಲ್ಲಿ ಇದರ ಜೊತೆ ಗುದ್ದಾಡುವುದು ಬರೀ ಬೆನ್ನುನೋವು. ಇದಕ್ಕೆ ಆಗದಿರುವುದು ಎರಡು: ಒಣ ಬಿಸಿಲು ಮತ್ತು ನೆರಳು. ಫೆಬ್ರವರಿ, ಮಾರ್ಚಿನಲ್ಲಿ ಪಾತಿ ಖಾಲಿ ಇರುವಾಗ ಒಂದು ಮೊಳ ಆಳಕ್ಕೆ ಅಗೆದು, ಹೆಂಟೆ ಒಡೆಯದೆ ಹಾಗೇ ಬಿಸಿಲಿಗೆ ಬಿಟ್ಟರೆ ಗಡ್ಡೆಗಳು ಒಣಗಿ ಸಾಯುತ್ತವೆ. ಮಳೆ ಬಂದ ಕೂಡಲೇ ಆ ಜಾಗಕ್ಕೆ ಗೆಣಸಿನ ಬಳ್ಳಿ ಅಥವಾ ಕುಂಬಳ ಹಬ್ಬಿಸಬೇಕು. ಎಲೆ ದಟ್ಟವಾಗಿ ಮುಚ್ಚಿದರೆ ಉಳಿದ ಗಡ್ಡೆ ಬೆಳಕಿಲ್ಲದೆ ಸೊರಗುತ್ತದೆ. ಒಂದೇ ವರ್ಷಕ್ಕೆ ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತದೆ, ಅದು ಸಾಕು.

ಗರಿಕೆಯನ್ನು ತುಂಡು ಮಾಡಿದರೆ ಪ್ರತಿ ಗಿಣ್ಣೂ ಬೇರು ಬಿಡುತ್ತದೆ. ಹಾಗಾಗಿ ಬೇರು ಸಮೇತ ಎತ್ತಬೇಕು, ಕಾಂಪೋಸ್ಟ್ ಗುಂಡಿಗೆ ಹಾಕಬಾರದು. ಬೇಲಿಯ ಹೊರಗೆ ಒಂದಿಷ್ಟು ಬಿಟ್ಟಿದ್ದೇವೆ. ಗಣೇಶನ ಹಬ್ಬಕ್ಕೆ ಬೀದಿಯವರೆಲ್ಲಾ ಬಂದು ಕಿತ್ತುಕೊಂಡು ಹೋಗುತ್ತಾರೆ.

ಪಾರ್ಥೇನಿಯಂ, ಅಂದರೆ ನಮ್ಮ ಕಡೆ ಎಲ್ಲರೂ ಕಾಂಗ್ರೆಸ್ ಗಿಡ ಅನ್ನುವುದು, ಮಾತ್ರ ಬಿಡುವ ಹಾಗೇ ಇಲ್ಲ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಮೈ ಕೆರೆತ, ಉಬ್ಬಸ ಇರುವವರಿಗೆ ಅದರ ಪರಾಗ ಆಗುವುದಿಲ್ಲ. ಕೈಗವಸು ಹಾಕಿಕೊಂಡು, ಮಣ್ಣು ಒದ್ದೆ ಇರುವಾಗ, ಬಿಳಿ ಹೂ ಕಾಣಿಸುವ ಮುಂಚೆ ಬೇರು ಸಮೇತ ಕೀಳಬೇಕು. ಮಳೆಗಾಲದಲ್ಲಿ ಪಕ್ಕದ ಖಾಲಿ ಸೈಟಿನ ಪಾರ್ಥೇನಿಯಂ ಎಲೆ ಜರಡಿ ಆದ ಹಾಗೆ ಕಂಡರೆ ಹತ್ತಿರ ಹೋಗಿ ನೋಡಿ. ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರುವ ಪುಟ್ಟ ದುಂಬಿ ಕಾಣಬಹುದು. ಅದರ ಮೂಲ ಮೆಕ್ಸಿಕೋ. ಈ ಕಳೆಗೆಂದೇ 1983ರಲ್ಲಿ ತರಿಸಿ, ಬೇರೆ ಬೆಳೆ ತಿನ್ನುತ್ತದೆಯೇ ಅಂತ ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಅದರ ಸಂತತಿ ಇವತ್ತು ದೇಶದ ಬಹಳಷ್ಟು ಕಡೆ ಇದೆ. ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿದ್ದು, ಮಳೆ ಬಿದ್ದ ಮೇಲೆ ಎದ್ದು ಬರುತ್ತದೆ. ಗಿಡವನ್ನು ಅದೊಂದೇ ನಿರ್ನಾಮ ಮಾಡಲಾರದು. ಆದರೆ ಹೂ ಬಿಡುವುದನ್ನು ತಗ್ಗಿಸುತ್ತದೆ. ಆ ದುಂಬಿ ಕಂಡರೆ ಸಾಯಿಸಬೇಡಿ.

ಕಳೆಗೆ ಉಪ್ಪು, ವಿನೆಗರ್, ಸೋಪು ಕಲಸಿ ಸುರಿಯಿರಿ ಅನ್ನುವ ಉಪಾಯ ಮೊಬೈಲಿನಲ್ಲಿ ಬಹಳ ಓಡಾಡುತ್ತಿದೆ. ಮನೆಯ ವಸ್ತು, ಹಾಗಾಗಿ ನೈಸರ್ಗಿಕ ಅನ್ನುವ ನಂಬಿಕೆ. ದಯವಿಟ್ಟು ಮಾಡಬೇಡಿ. ಎಲೆ ಸುಟ್ಟು ಹೋಗುವುದು ನಿಜ, ಆದರೆ ಉಪ್ಪು ಮಣ್ಣಲ್ಲೇ ಉಳಿಯುತ್ತದೆ. ಮಂಡ್ಯದ ನಾಲೆ ಬಯಲಿನಲ್ಲಿ ನೀರು ಜಾಸ್ತಿ ಹಾಯಿಸಿ ಚೌಳು ಎದ್ದ ಗದ್ದೆಗಳನ್ನು ಒಮ್ಮೆ ನೋಡಿದವರು ಹಿತ್ತಲಿಗೆ ಒಂದು ಹಿಡಿ ಉಪ್ಪನ್ನೂ ಹಾಕಲಾರರು. ಬಿಳಿ ಪುಡಿ ಎದ್ದ ನೆಲದಲ್ಲಿ ಭತ್ತದ ಪೈರೂ ಕುಂಟುತ್ತದೆ.

ಕಳೆ ತಡೆಯುವುದಕ್ಕೆ ಇರುವ ದೊಡ್ಡ ಉಪಾಯ ಮಣ್ಣನ್ನು ಬರಿದಾಗಿ ಬಿಡದೇ ಇರುವುದು. ಬೀದಿಯಲ್ಲಿ ಹೊಂಗೆ, ಮಳೆಮರದ ಎಲೆ ರಾಶಿ ರಾಶಿ ಉದುರುತ್ತದೆ. ಗುಡಿಸಿ ಬೆಂಕಿ ಹಚ್ಚುತ್ತಾರೆ. ಆ ಹೊಗೆ ಕಂಡಾಗಲೆಲ್ಲಾ ನನಗೆ ಸಂಕಟ ಆಗುತ್ತದೆ. ಅಷ್ಟೂ ಗೊಬ್ಬರ ಅಲ್ವಾ ಅದು? ನಾವು ಗೋಣಿಚೀಲದಲ್ಲಿ ತುಂಬಿ ತಂದು ನಾಲ್ಕು ಬೆರಳು ದಪ್ಪ ಹಾಸುತ್ತೇವೆ. ಗಿಡದ ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಬೆಳಕು ಬೀಳದಿದ್ದರೆ ಬಹಳಷ್ಟು ಕಳೆಬೀಜ ಮೊಳೆಯುವುದಿಲ್ಲ. ನೀರು ಬೇಗ ಆರುವುದಿಲ್ಲ. ಎಲೆಯಡಿ ಎರೆಹುಳ ಬರುತ್ತದೆ. ತಾರಸಿ ಮೇಲೆ ಕುಂಡದಲ್ಲಿ ಬೆಳೆಸುವವರಿಗೆ ಕಳೆ ಕಾಟ ಕಡಿಮೆ. ಆದರೂ ಮೈಸೂರಿನ ಮಾರ್ಚ್ ಬಿಸಿಲಿಗೆ ಅವರಿಗೂ ಈ ಹೊದಿಕೆ ಬೇಕೇ ಬೇಕು.

ಈಗ ಹುಳಗಳ ಕಡೆ ಬರುತ್ತೇನೆ. ಎಲೆ ಮಗುಚಿ ನೋಡಿ ಅಂತ ಯಾಕೆ ಅಷ್ಟು ಹೇಳುತ್ತೇನೆ ಅನ್ನುವುದಕ್ಕೆ ನಮ್ಮ ದಾಸವಾಳವೇ ಸಾಕ್ಷಿ. ಬೇಸಿಗೆ ಬಂತೆಂದರೆ ಎಳೇ ಕುಡಿಗಳಿಗೆ ಹಿಟ್ಟು ತಿಗಣೆ ಹತ್ತುತ್ತದೆ. ಬಿಳಿ ಹತ್ತಿಯಂಥದ್ದು ಗುಂಪಾಗಿ ಅಂಟಿಕೊಂಡು ರಸ ಹೀರುತ್ತದೆ. ಆ ಗುಂಪಿನ ನಡುವೆ ಕೆಲವೊಮ್ಮೆ ಒಂದು ದೊಡ್ಡ ಬಿಳಿ ಹುಳ ಕಾಣುತ್ತದೆ. ಮೈತುಂಬಾ ಉದ್ದುದ್ದ ಬಿಳಿ ಎಳೆ. ನೋಡಿದವರು ಇದೇ ತಾಯಿ ಹುಳ ಅಂದುಕೊಂಡು ಮೊದಲು ಅದನ್ನೇ ಹಿಸುಕುತ್ತಾರೆ. ಸ್ವಲ್ಪ ಹೊತ್ತು ಕಾದು ನೋಡಿದರೆ ಅದು ಚುರುಕಾಗಿ ನಡೆದಾಡುತ್ತಾ ತಿಗಣೆಗಳನ್ನು ತಿನ್ನುತ್ತಿರುತ್ತದೆ. ಅದು ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳದ ಮರಿ. 1898ರಲ್ಲಿ ಕಾಫಿ ಗಿಡದ ರಸ ಹೀರುವ ಹಸಿರು ಶಲ್ಕ ಕೀಟವನ್ನು ಹಿಡಿಯಲಿ ಅಂತ ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದದ್ದು. ದೊಡ್ಡದಾದ ಮೇಲೆ ಕಪ್ಪು ಬೆನ್ನು, ಕಿತ್ತಳೆ ತಲೆಯ ಪುಟ್ಟ ದುಂಬಿ ಆಗುತ್ತದೆ. ಈಗ ಇದನ್ನು ಸಾಕಿ ಮಾರುವ ಪ್ರಯೋಗಾಲಯಗಳೂ ಇವೆ. ದುಡ್ಡು ಕೊಟ್ಟು ತರುವಂಥ ಜೀವ ನಮ್ಮ ಗಿಡಕ್ಕೆ ತಾನೇ ಬಂದಿರುವಾಗ ಹಿಸುಕಿ ಹಾಕುವುದು ಎಂಥ ನಷ್ಟ!

ಇದಕ್ಕೆ ಉಲ್ಟಾ ಬದನೆ ಗಿಡದ ಮೇಲೆ. ಅಲ್ಲಿ ಕೆಂಗಂದು ಬಣ್ಣದ, ಕಪ್ಪು ಚುಕ್ಕೆಯ ದುಂಡನೆ ದುಂಬಿ ಕೂತಿರುತ್ತದೆ. ಗುಲಗಂಜಿ ಹುಳ, ಒಳ್ಳೆಯದು ಅಂತ ಬಿಟ್ಟರೆ ಎಲೆಯ ಹಸಿರನ್ನೆಲ್ಲಾ ಕೆರೆದು ತಿಂದು ಬರೀ ನರ ಉಳಿಸುತ್ತದೆ. ಇದು ಎಪಿಲಾಕ್ನಾ ದುಂಬಿ. ಗುಲಗಂಜಿ ಹುಳದ ಕುಲವೇ, ಆದರೆ ಎಲೆ ತಿನ್ನುವುದು. ವ್ಯತ್ಯಾಸ ಕಾಣಬೇಕಾದರೆ ಹತ್ತಿರ ಹೋಗಬೇಕು. ಹೇನು ತಿನ್ನುವ ಗುಲಗಂಜಿ ಹುಳದ ಬೆನ್ನು ನುಣ್ಣಗೆ ಮಿರುಗುತ್ತದೆ. ಎಲೆ ತಿನ್ನುವುದರ ಬೆನ್ನು ಮಂಕಾಗಿ, ಸಣ್ಣ ರೋಮ ಇರುತ್ತದೆ, ಚುಕ್ಕೆಯೂ ಜಾಸ್ತಿ. ಎಲೆಯ ಅಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಹಳದಿ ಮೊಟ್ಟೆಯ ಗುಂಪು, ಮುಳ್ಳು ಮುಳ್ಳಾದ ಹಳದಿ ಮರಿ. ಮರಿ, ಮೊಟ್ಟೆ ಎರಡನ್ನೂ ಆ ಎಲೆ ಸಮೇತ ಕಿತ್ತು ಸೋಪು ನೀರಿಗೆ ಹಾಕಿದರೆ ಮುಗಿಯಿತು. ಇಷ್ಟು ಸಣ್ಣ ಜಾಗಕ್ಕೆ ಬೇರೆ ಔಷಧಿ ಬೇಡ.

ಬದನೆಯ ನಿಜವಾದ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳ. ಅದು ಒಳಗೆ ಕೂತು ತಿನ್ನುವುದರಿಂದ ಹೊರಗೆ ಏನು ಹೊಡೆದರೂ ತಾಗುವುದಿಲ್ಲ. ಸಸಿ ಬೆಳೆಯುವಾಗ ಕುಡಿ ಜೋತು ಬಿದ್ದದ್ದು ಕಂಡ ದಿನವೇ ಬಾಡಿದ ಭಾಗಕ್ಕಿಂತ ಎರಡು ಬೆರಳು ಕೆಳಗೆ ಕತ್ತರಿಸಿ, ಸೀಳಿ ನೋಡಬೇಕು. ತಿಳಿ ಗುಲಾಬಿ ಬಣ್ಣದ ಹುಳ ಒಳಗೆ ಸಿಗುತ್ತದೆ. ಕುಡಿ ಹಂತದಲ್ಲಿ ಹೀಗೆ ಹಿಡಿದುಬಿಟ್ಟರೆ ಕಾಯಿ ಬಿಡುವ ಹೊತ್ತಿಗೆ ಸಂಖ್ಯೆ ಬಹಳ ಕಡಿಮೆ ಆಗಿರುತ್ತದೆ. ಕತ್ತರಿಸಿದ ಕಡೆ ಹೊಸ ಕವಲು ಒಡೆಯುತ್ತದೆ, ಗಿಡಕ್ಕೆ ನಷ್ಟವಿಲ್ಲ.

ಹೇನು ಬಂದಾಗ ನಾನು ಮೊದಲು ನೋಡುವುದು ಇರುವೆಯನ್ನು. ಅಲಸಂದೆ ಕುಡಿಗೆ ಕಪ್ಪು ಹೇನು ಮುತ್ತಿದ್ದರೆ ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿರುತ್ತದೆ. ಹೇನು ಹೊರಹಾಕುವ ಸಿಹಿ ಅಂಟು ಇರುವೆಗೆ ಆಹಾರ. ಅದಕ್ಕಾಗಿ ಗುಲಗಂಜಿ ಹುಳ ಹತ್ತಿರ ಬಂದರೆ ಇರುವೆಗಳು ಕಚ್ಚಿ ಓಡಿಸುತ್ತವೆ. ದಾಸವಾಳದ ಹಿಟ್ಟು ತಿಗಣೆಗೂ ಇದೇ ಕಾವಲು. ಇರುವೆ ಹತ್ತುವ ದಾರಿ ಕಡಿದರೆ ಉಳಿದ ಕೆಲಸ ಬೇಟೆ ಹುಳಗಳೇ ಮಾಡುತ್ತವೆ. ಗೋಡೆಗೆ, ಬೇಲಿಗೆ ತಾಗುವ ಕೊಂಬೆ ಸವರಿ, ಕಾಂಡಕ್ಕೆ ಅಗಲದ ಟೇಪು ಸುತ್ತಿ ಅದರ ಮೇಲೆ ಹರಳೆಣ್ಣೆ ಸವರುತ್ತೇವೆ. ಎಳೇ ಗಿಡವಾದರೆ ಪೈಪಿನ ನೀರನ್ನು ಜೋರಾಗಿ ಎಲೆ ಅಡಿಗೆ ಹಾಯಿಸಿದರೂ ಹೇನು ಉದುರಿ ಹೋಗುತ್ತದೆ. ಅತ್ತೆ ಇಬ್ಬನಿ ಇರುವಾಗ ಜರಡಿ ಹಿಡಿದ ಒಲೆ ಬೂದಿ ಎರಚುತ್ತಾರೆ. ಕುಂಬಳದ ಕೆಂಪು ದುಂಬಿಗೂ ಅದನ್ನೇ ಮಾಡುತ್ತಾರೆ.

ಕಾಯುವುದರ ಬೆಲೆ ಎಷ್ಟು ಅಂತ ಗೊತ್ತಾಗಬೇಕಾದರೆ ಪಪ್ಪಾಯಿಯ ಕಥೆ ಕೇಳಬೇಕು. 2008ರಲ್ಲಿ ಕೊಯಮತ್ತೂರು ಕಡೆ ಹೊಸದೊಂದು ಹಿಟ್ಟು ತಿಗಣೆ ಕಾಣಿಸಿತು. ಮೂಲ ಮೆಕ್ಸಿಕೋ, ಮಧ್ಯ ಅಮೆರಿಕದ್ದು. ಇಲ್ಲಿ ಅದನ್ನು ಹಿಡಿಯುವ ಶತ್ರು ಇರಲಿಲ್ಲ. ಪಪ್ಪಾಯಿ ಗಿಡಗಳು ನಿಂತಲ್ಲೇ ಬೆಳ್ಳಗಾಗಿ ಸತ್ತವು. ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರು ಕಂಗೆಟ್ಟರು. ಮೈ ಮೇಲೆ ಮೇಣದ ಹೊದಿಕೆ ಇದ್ದದ್ದರಿಂದ ಔಷಧಿ ಒಳಗೆ ಇಳಿಯಲಿಲ್ಲ. ಬೆಂಗಳೂರಿನ ಹೆಬ್ಬಾಳದ ಕೃಷಿ ಕೀಟಗಳ ರಾಷ್ಟ್ರೀಯ ಬ್ಯೂರೋದವರು 2010ರಲ್ಲಿ ಪೋರ್ಟೊ ರಿಕೊದಿಂದ ಅಸೆರೋಫೇಗಸ್ ಪಪಾಯೆ ಅನ್ನುವ ಕಣಜ ತರಿಸಿದರು. ಸಾಸಿವೆ ಕಾಳಿಗಿಂತ ಸಣ್ಣದು. ಅದು ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದಲೇ ತಿಂದು ಹೊರಬರುತ್ತದೆ. ಬಿಟ್ಟ ಕೆಲವೇ ತಿಂಗಳಲ್ಲಿ ತಿಗಣೆ ಹತೋಟಿಗೆ ಬಂತು. ಆ ಕಣಜ ಈಗ ಈ ಭಾಗದಲ್ಲಿ ನೆಲೆಯೂರಿದೆ. ನಿಮ್ಮ ಪಪ್ಪಾಯಿ ಎಲೆಯ ಅಡಿ ತಿಗಣೆ ಕಂಡರೆ ಭೂತಗನ್ನಡಿ ಹಿಡಿದು ನೋಡಿ. ಊದಿಕೊಂಡು ಒಣಗಿದ, ಬೆನ್ನಲ್ಲಿ ದುಂಡನೆ ತೂತಿರುವ ಚಿಪ್ಪು ಸಿಕ್ಕರೆ ಕಣಜ ಬಂದಾಗಿದೆ. ಆಗ ಕೈ ಕಟ್ಟಿ ನಿಲ್ಲುವುದೇ ಸರಿಯಾದ ಕೆಲಸ. ಅವತ್ತು ಸಿಕ್ಕಿದ್ದನ್ನು ಹೊಡೆದರೆ ಮೊದಲು ಸಾಯುವುದು ಕಣಜ.

ಹೀರೆ, ಹಾಗಲದ ಹಣ್ಣಿನ ನೊಣಕ್ಕೆ ಮಾತ್ರ ಕಾಯುತ್ತಾ ಕೂರಬಾರದು. ಎಳೇ ಕಾಯಿಯ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಅಲ್ಲಿಂದ ಅಂಟು ಒಸರುತ್ತದೆ, ಕಾಯಿ ಸೊಟ್ಟ ಆಗಿ ಕೊಳೆತು ಬೀಳುತ್ತದೆ. ಬಿದ್ದ ಕಾಯಿಯಿಂದ ಹುಳ ಮಣ್ಣಿಗೆ ಇಳಿದು ಕೋಶ ಕಟ್ಟಿ, ಮತ್ತೆ ನೊಣವಾಗಿ ಏಳುತ್ತದೆ. ಹಾಗಾಗಿ ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕುವುದು ನೊಣ ಸಾಕಿದ ಹಾಗೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿ ಇಟ್ಟರೆ ಹುಳ ಬೆಂದು ಸಾಯುತ್ತದೆ. ಚಪ್ಪರದ ಕೆಳಗಿನ ಮಣ್ಣು ಆಗಾಗ ಕೆದಕಿದರೆ ಕೋಶ ಮೇಲೆ ಬಂದು ಇರುವೆ, ಹಕ್ಕಿಗಳ ಪಾಲಾಗುತ್ತದೆ. ಹಾಗಲ ಹೆಬ್ಬೆರಳಿನಷ್ಟು ಇರುವಾಗಲೇ ಹಳೇ ಬಟ್ಟೆಯ ಚೀಲ ತೊಡಿಸುತ್ತೇನೆ. ಬಲೆಗೆ ಈ ನೊಣವನ್ನು ಸೆಳೆಯುವ ಕ್ಯೂ ಲೂರ್ ಅನ್ನುವ ಮದ್ದು ತರಬೇಕು. ಮಾವಿಗೆ ಮಾರುವುದು ಬೇರೆ, ಅದಕ್ಕೆ ಹೀರೆಯ ನೊಣ ಬೀಳುವುದಿಲ್ಲ.

ಮೆಣಸಿನ ಗಿಡದ ಮುಟುರು ರೋಗಕ್ಕೂ ಎಲೆ ನೋಡಿಯೇ ಹೇಳಬೇಕು. ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ, ತೊಟ್ಟು ಉದ್ದವಾದರೆ ಮೈಟ್ ನುಸಿ. ಥ್ರಿಪ್ಸ್ ಒಣ ಹವೆಯಲ್ಲಿ ಜಾಸ್ತಿ, ಎಲೆ ಅಡಿಗೆ ನೀರು ಹಾಯಿಸಿದರೆ ತಗ್ಗುತ್ತದೆ. ಬೆಂಡೆಯ ಎಲೆ ನರ ಹಳದಿ ಆದರೆ ಅದು ನಂಜು ರೋಗ, ಬಿಳಿ ನೊಣ ಹರಡುವ ವೈರಸ್. ಆ ಗಿಡಕ್ಕೆ ಮದ್ದಿಲ್ಲ, ಕೀಳಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ಅನಾಮಿಕಾ ಈ ರೋಗ ತಡೆಯಲೆಂದೇ ಮಾಡಿದ ತಳಿ. ರೋಗ ತಡೆಯುವ ತಳಿಯ ಬೀಜವನ್ನೇ ಕೇಳಿ ತಂದರೆ ಮುಂದಿನ ಗೋಳು ಕಡಿಮೆ ಆಗಬಹುದು. ಟೊಮೇಟೊ ಕಾಯಿಕೊರಕಕ್ಕೆ ಅದೇ ಸಂಸ್ಥೆಯವರು ಹೇಳಿದ ಉಪಾಯ ಹದಿನಾರು ಸಾಲು ಟೊಮೇಟೊಗೆ ಒಂದು ಸಾಲು ಚೆಂಡು ಹೂ. ಚಿಟ್ಟೆ ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲಿ ಅಂತ. 25 ದಿನದ ಟೊಮೇಟೊ ಸಸಿ ಜೊತೆ 40 ದಿನದ ಚೆಂಡು ಸಸಿ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಮನೆ ಹಿತ್ತಲಿಗೆ ನಾಲ್ಕೈದು ಗಿಡ ಸಾಕು. ಆದರೆ ಆ ಹೂ, ಮೊಗ್ಗು ಬಿಡಿಸಿ ಹುಳ ಹೆಕ್ಕಬೇಕು. ಬರೀ ನೆಟ್ಟು ಸುಮ್ಮನಾದರೆ ಹುಳಕ್ಕೆ ಊಟ ಹಾಕಿದ ಹಾಗೆ ಆಗುತ್ತದೆ.

ಕರಿಬೇವಿನ ಹುಳವನ್ನು ನಾವು ಮುಟ್ಟುವುದೇ ಇಲ್ಲ. ಸಣ್ಣದಿರುವಾಗ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯಿಂದ ಎರಡು ಕೆಂಪು ಕೊಂಬು ಹೊರಗೆ ಹಾಕಿ ಘಾಟು ವಾಸನೆ ಬಿಡುತ್ತದೆ. ನಿಂಬೆ ಚಿಟ್ಟೆಯ ಮರಿ ಅದು. ಆಳೆತ್ತರ ಬೆಳೆದ ಗಿಡಕ್ಕೆ ನಾಲ್ಕು ಹುಳದಿಂದ ಏನೂ ಆಗುವುದಿಲ್ಲ. ಚಿಕ್ಕ ಕುಂಡದ ಗಿಡವಾದರೆ ಎತ್ತಿ ದೊಡ್ಡ ಗಿಡಕ್ಕೆ ಬಿಡಿ. ಮಗಳು ಕೋಶ ಕಟ್ಟಿದ ಕೊಂಬೆಗೆ ದಾರ ಕಟ್ಟಿ ಗುರುತಿಟ್ಟು, ದಿನಾ ಸ್ಕೂಲಿಗೆ ಹೋಗುವ ಮುಂಚೆ ನೋಡಿ ಬರುತ್ತಾಳೆ. ಇದಕ್ಕೂ ವಿಷ ಹೊಡೆಯುವವರು ಇದ್ದಾರೆ. ನನಗೆ ಅರ್ಥವಾಗುವುದಿಲ್ಲ.

ವಿಷದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೊಗೆಸೊಪ್ಪು ಬೆಳೆಯುವ ಹುಣಸೂರು, ಪಿರಿಯಾಪಟ್ಟಣ ಹತ್ತಿರವೇ ಇರುವುದರಿಂದ ನಮ್ಮ ಕಡೆ ಹೊಗೆಸೊಪ್ಪು ಸುಲಭಕ್ಕೆ ಸಿಗುತ್ತದೆ. ಅದನ್ನು ಕುದಿಸಿ ಗಿಡಕ್ಕೆ ಹೊಡೆಯುವ ರೂಢಿಯೂ ಇದೆ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಅದು ಸಾಧು ಅಲ್ಲ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ಉಗ್ರ ವಿಷ. ಜೇನಿಗೂ ಅದು ವಿಷವೇ. ಹೊಗೆಸೊಪ್ಪಿನ ವೈರಸ್ ಟೊಮೇಟೊ, ಮೆಣಸಿನ ಗಿಡಕ್ಕೂ ದಾಟಬಲ್ಲದು. ದತ್ತೂರ, ಕಣಗಿಲೆ ಹಾಕಿ ಕೊಳೆಸಿದ ಕಷಾಯಗಳನ್ನೂ ನಾಳೆ ಕಿತ್ತು ತಿನ್ನುವ ಸೊಪ್ಪಿಗೆ ಹೊಡೆಯುವುದು ನನಗೆ ಒಪ್ಪಿಗೆಯಿಲ್ಲ.

ಮಳೆಗಾಲದ ರಾತ್ರಿ ಬರುವ ದೊಡ್ಡ ಶಂಖದ ಹುಳಕ್ಕೆ ಟಾರ್ಚು ಮತ್ತು ಬಕೆಟ್ಟೇ ಔಷಧಿ. ಆಫ್ರಿಕಾದ ಬಸವನಹುಳ ಅದು. 1847ರಲ್ಲಿ ಕಲ್ಕತ್ತಾದ ಒಂದು ತೋಟಕ್ಕೆ ತಂದು ಬಿಟ್ಟದ್ದು ದೇಶವೆಲ್ಲಾ ಹರಡಿದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಟ್ಟರೆ ಅಲ್ಲಿಗೇ ಗುಂಪು ಸೇರುತ್ತವೆ. ಮೈಯಲ್ಲಿ ಮನುಷ್ಯರಿಗೆ ರೋಗ ತರುವ ಜಂತು ಇರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟಬಾರದು. ಉಪ್ಪು ನೀರು ಬಕೆಟ್ಟಿನಲ್ಲಿರಲಿ, ನೆಲಕ್ಕೆ ಬೇಡ.

ಇಷ್ಟೆಲ್ಲಾ ಮಾಡಿದ ಮೇಲೂ ಹತೋಟಿಗೆ ಬರದಿದ್ದರೆ ಬೇವು. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳು. ತರಿತರಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ನೆನೆಸಿ, ಹಾಲಿನ ಬಣ್ಣ ಬರುವ ತನಕ ಹಿಂಡಬೇಕು. ಸೋಸಿ, ಎಲೆಗೆ ಅಂಟಿಕೊಳ್ಳಲು ಸ್ವಲ್ಪ ಸೋಪು ಅಥವಾ ಅಂಟುವಾಳದ ನೀರು ಸೇರಿಸಿ ಅದೇ ಸಂಜೆ ಹೊಡೆಯಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತದೆ, ಜೊತೆಗೆ ಸಂಜೆ ಹೊತ್ತಿಗೆ ಜೇನು ಗೂಡಿಗೆ ಮರಳಿರುತ್ತದೆ. ಮೊದಲು ಒಂದು ಗಿಡಕ್ಕೆ ಹೊಡೆದು ಎಲೆ ಸುಡುವುದಿಲ್ಲ ಅಂತ ನೋಡಿಕೊಳ್ಳಿ. ಹುಳ ಅವತ್ತೇ ಸಾಯುವುದಿಲ್ಲ, ತಿನ್ನುವುದು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮಾರನೇ ದಿನ ಹುಳ ಓಡಾಡುತ್ತಿದೆ ಅಂತ ಮತ್ತೆ ಹೊಡೆಯಬೇಡಿ.

ಈಗ ರಸ್ತೆ ಬದಿಯ ಬೇವಿನ ಮರಗಳ ಕೆಳಗೆ ಹಳದಿ ಹಣ್ಣು ಉದುರುತ್ತಿವೆ. ಮಳೆ ನೀರಲ್ಲಿ ಕೊಳೆಯುವ ಮುಂಚೆ ಆರಿಸಿ ತನ್ನಿ. ಸಿಪ್ಪೆ ಉಜ್ಜಿ ತೊಳೆದು, ಬೀಜವನ್ನು ನೆರಳಲ್ಲಿ ಚೆನ್ನಾಗಿ ಒಣಗಿಸಿ ಬಟ್ಟೆ ಚೀಲದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಬೂಷ್ಟು ಬರುತ್ತದೆ. ಮುಂದಿನ ಬೇಸಿಗೆ ತನಕ ಒಂದು ಹಿತ್ತಲಿಗೆ ಅಷ್ಟು ಸಾಕಾಗುತ್ತದೆ.